ಸರ್ ಎಂ.ವಿ. ಅವರ ಸ್ವಯಂಚಾಲಿತ ಬಾಗಿಲು ಮತ್ತು ನಮ್ಮ ಸ್ಮಾರ್ಟ್ ನಗರ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ಪಶ್ಚಿಮ ಬೆಂಗಳೂರಿನ ನಮ್ಮ ಬಡಾವಣೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಶಾಲೆಯ ಮಕ್ಕಳು ಮೈಸೂರು ಪೇಟ ತೊಟ್ಟು ಭಾಷಣ ಮಾಡುತ್ತಾರೆ. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂದು ಅವರು ಎರಡು ಮೇಣದಬತ್ತಿ ಇಟ್ಟುಕೊಂಡಿದ್ದರೆಂಬ ಕಥೆ ಮತ್ತೊಮ್ಮೆ ಹೇಳಲ್ಪಡುತ್ತದೆ. ಕೆಂಗೇರಿ ಬಳಿ ಅವರ ಹೆಸರಿನ ದೊಡ್ಡ ಬಡಾವಣೆಯೇ ಇದೆ. ಪ್ರಾಮಾಣಿಕತೆಯ ಪ್ರತೀಕವಾಗಿ ಅವರನ್ನು ನೆನೆಯುವುದು ಸರಿಯೇ. ಆದರೆ ಅವರ ಬುದ್ಧಿಶಕ್ತಿಯ ಅಪೂರ್ವ ಫಲವೊಂದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಅದು ನೀರಿನ ಏರಿಳಿತವನ್ನು ತಾನೇ ಅರಿತು, ತಾನೇ ತೆರೆದುಕೊಂಡು, ತಾನೇ ಮುಚ್ಚಿಕೊಳ್ಳುತ್ತಿದ್ದ ಒಂದು ಬಾಗಿಲು.

ಈಗ ಆ ಬಾಗಿಲನ್ನು ನೆನೆಯಲು ಕಾರಣವಿದೆ. ನಮ್ಮ ಸುತ್ತಲಿನ ವಸ್ತುಗಳೆಲ್ಲ ಒಂದೊಂದಾಗಿ ತಮ್ಮಷ್ಟಕ್ಕೆ ತಾವೇ ನಿರ್ಧಾರ ಕೈಗೊಳ್ಳತೊಡಗಿವೆ. ಮೆಟ್ರೋ ನಿಲ್ದಾಣದ ಗೇಟು ಕಾರ್ಡನ್ನು ಗುರುತಿಸಿ ದಾರಿ ಬಿಡುತ್ತದೆ. ವೃತ್ತದ ಕ್ಯಾಮೆರಾ ವಾಹನದ ಸಂಖ್ಯೆಯನ್ನು ಓದಿ ದಂಡದ ನೋಟಿಸು ಕಳುಹಿಸುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆರಳನ್ನು ನೋಡಿ ಅಕ್ಕಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಗಣಕಯಂತ್ರ ಮೇಜಿನಿಂದಿಳಿದು ಗೋಡೆ, ಬಾಗಿಲು, ದೀಪದ ಕಂಬ, ನೀರಿನ ಕೊಳವೆಗಳೊಳಗೆ ಸೇರಿಕೊಳ್ಳುವ ಈ ವಿದ್ಯಮಾನವನ್ನು ಸರ್ವವ್ಯಾಪಿ ಗಣಕ ವ್ಯವಸ್ಥೆ ಎನ್ನಬಹುದು. ಇಂಥ ವಸ್ತುಗಳ ನಡುವೆ ಬದುಕುವ ಮನುಷ್ಯನಿಗೂ ಅವುಗಳಿಗೂ ಇರಬೇಕಾದ ಸಂಬಂಧ ಯಾವುದು ಎಂಬುದು ಇಂದಿನ ಪ್ರಶ್ನೆ. ವಿಶ್ವೇಶ್ವರಯ್ಯನವರ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ, ನೂರು ವರ್ಷಗಳ ಹಿಂದೆಯೇ ಅವರು ಇದಕ್ಕೆ ಒಂದು ಉತ್ತರ ನೀಡಿದ್ದರೆಂಬುದು ತಿಳಿಯುತ್ತದೆ. ಆ ಉತ್ತರದ ಮಿತಿಯೂ ತಿಳಿಯುತ್ತದೆ.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ, 1860ರ ದಶಕದ ಆರಂಭದಲ್ಲಿ, ಸಂಸ್ಕೃತ ಪಂಡಿತರ ಮನೆಯಲ್ಲಿ ಅವರ ಜನನವಾಯಿತು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನೇಮಕಗೊಂಡರು. ಮುಂದಿನ ಕಾಲು ಶತಮಾನ ಅವರ ವೃತ್ತಿಜೀವನ ಬಹುಪಾಲು ನೀರಿನ ಸುತ್ತಲೇ ಸಾಗಿತು.

1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಕೆಲಸ ಅವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಕೆಸರುಮಯ. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿದರೆ ಮರಳಿನ ಮೂಲಕ ಜಿನುಗಿ ಬರುವ ನೀರು ತಾನಾಗಿಯೇ ತಿಳಿಯಾಗುತ್ತದೆ ಎಂಬುದನ್ನು ಅವರು ಉಪಯೋಗಕ್ಕೆ ತಂದರು. ಹೊಸ ಯಂತ್ರವನ್ನು ಹೇರುವ ಮೊದಲು, ಪರಿಸರವೇ ಯಾವ ಕೆಲಸವನ್ನು ತಾನಾಗಿ ಮಾಡಬಲ್ಲದು ಎಂದು ನೋಡುವುದು ಅವರ ಸ್ವಭಾವವಾಗಿತ್ತು. ಖಡಕವಾಸಲಾದಲ್ಲಿ ಇದೇ ಸ್ವಭಾವ ಒಂದು ಆವಿಷ್ಕಾರದ ರೂಪ ತಾಳಿತು.

ಆ ಆವಿಷ್ಕಾರವನ್ನು ಅರಿಯಲು ನಮ್ಮ ಕೆರೆಗಳನ್ನು ನೆನೆದರೆ ಸಾಕು. ಹಳೆಯ ಮೈಸೂರು ಸೀಮೆಯ ಪ್ರತಿ ಕೆರೆಗೂ ಒಂದು ತೂಬು, ಒಂದು ಕೋಡಿ. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಕೋಡಿಗೆ ಯಾರ ಕಾವಲೂ ಬೇಡ. ಕೆರೆ ತುಂಬಿದರೆ ಹೆಚ್ಚಿನ ನೀರು ಅದರ ಮೇಲೆ ತಾನಾಗಿ ಹರಿದುಹೋಗುತ್ತದೆ, ಏರಿ ಉಳಿಯುತ್ತದೆ. ಆದರೆ ಕೋಡಿಯ ಮಟ್ಟಕ್ಕಿಂತ ಮೇಲೆ ಒಂದು ಹನಿಯನ್ನೂ ಹಿಡಿದಿಡಲಾಗದು. ಪುಣೆಗೆ ನೀರು ಕೊಡುತ್ತಿದ್ದ ಖಡಕವಾಸಲಾದ ಫೈಫ್ ಸರೋವರದಲ್ಲಿದ್ದದ್ದು ಈ ತೊಡಕೇ. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ನೀರು ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ ಕಾಡುತ್ತಿತ್ತು. ಕೋಡಿಯನ್ನು ಕಲ್ಲಿನಿಂದ ಎತ್ತರಿಸಿದರೆ ಪ್ರವಾಹದ ಹೊತ್ತಿನಲ್ಲಿ ಅಣೆಕಟ್ಟಿಗೇ ಅಪಾಯ. ಕೈಯಿಂದ ಎತ್ತುವ ಗೇಟುಗಳನ್ನಿಟ್ಟರೆ, ನಡುರಾತ್ರಿ ನೀರೇರಿದಾಗ ಕಾವಲುಗಾರ ನಿದ್ದೆಹೋಗಿದ್ದರೆ ಗತಿಯೇನು?

ಕೋಡಿಯನ್ನೇ ಚಲಿಸುವಂತೆ ಮಾಡುವುದು ವಿಶ್ವೇಶ್ವರಯ್ಯನವರ ಪರಿಹಾರ. ಹಳೆಯ ಕೋಡಿಯ ಮೇಲೆ ಸುಮಾರು 8 ಅಡಿ ನೀರನ್ನು ತಡೆದು ನಿಲ್ಲಿಸಬಲ್ಲ ಕಬ್ಬಿಣದ ಬಾಗಿಲುಗಳನ್ನು ಅವರು ರೂಪಿಸಿದರು. ಬಾಗಿಲಿನ ತೂಕಕ್ಕೆ ಎದುರಾಗಿ ಅದನ್ನು ಸರಿದೂಗಿಸುವ ಭಾರಗಳನ್ನು ಇರಿಸಿದರು. ನೀರು ಗೊತ್ತುಪಡಿಸಿದ ಮಟ್ಟವನ್ನು ದಾಟಿದೊಡನೆ ಅದರ ಒಂದಂಶ ಪಕ್ಕದ ಕೋಣೆಗೆ ನುಗ್ಗಿ ಆ ಸಮತೋಲವನ್ನು ಕದಲಿಸುತ್ತದೆ, ಬಾಗಿಲು ಮೇಲೇಳುತ್ತದೆ. ಮಟ್ಟ ಇಳಿದಾಗ ಕೋಣೆ ಬರಿದಾಗಿ ಬಾಗಿಲು ಮತ್ತೆ ಕೆಳಗಿಳಿಯುತ್ತದೆ. ಯಾವ ನೀರಿನಿಂದ ಅಪಾಯವೋ ಆ ನೀರೇ ಕಾವಲುಗಾರ. ಈ ವಿನ್ಯಾಸಕ್ಕೆ ಹಕ್ಕುಪತ್ರ ದೊರೆತು, 1903ರಲ್ಲಿ ಖಡಕವಾಸಲಾದಲ್ಲಿ ಬಾಗಿಲುಗಳ ಸ್ಥಾಪನೆಯಾಯಿತು. ಅಣೆಕಟ್ಟನ್ನು ಎತ್ತರಿಸದೆಯೇ ಸರೋವರದ ಸಂಗ್ರಹ ಸುಮಾರು ಶೇ 25ರಷ್ಟು ಹೆಚ್ಚಿತು. ಮುಂದೆ ಗ್ವಾಲಿಯರ್‌ನ ಟಿಗ್ರಾದಲ್ಲೂ ನಮ್ಮ ಕೃಷ್ಣರಾಜಸಾಗರದಲ್ಲೂ ಸ್ವಯಂಚಾಲಿತ ಬಾಗಿಲುಗಳು ಬಂದವು. ಹಕ್ಕುಪತ್ರ ತಮ್ಮ ಹೆಸರಿನಲ್ಲಿದ್ದರೂ, ಸರ್ಕಾರಿ ಸೇವೆಯಲ್ಲಿದ್ದಾಗ ಮಾಡಿದ ಕೆಲಸವೆಂಬ ಕಾರಣಕ್ಕೆ ವಿಶ್ವೇಶ್ವರಯ್ಯನವರು ಗೌರವಧನವನ್ನು ಸ್ವೀಕರಿಸಲಿಲ್ಲ. ಮೇಣದಬತ್ತಿಯ ಕಥೆಗಿಂತ ತೂಕದ ಸಂಗತಿ ಇದೆಂಬುದು ನನ್ನ ಅಭಿಮತ.

ಇಲ್ಲಿ ಒಂದು ಹೋಲಿಕೆ ಅಗತ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದ ವಿಜ್ಞಾನಿ ಮಾರ್ಕ್ ವೈಸರ್ 1988ರ ಸುಮಾರಿಗೆ ಸರ್ವವ್ಯಾಪಿ ಗಣಕದ ಪರಿಕಲ್ಪನೆಗೆ ಹೆಸರು ಕೊಟ್ಟರು. 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಈ ಕ್ಷೇತ್ರದ ಮೂಲಗ್ರಂಥದಂತಿದೆ. ಅತ್ಯುತ್ತಮ ಯಂತ್ರವೆಂದರೆ ನಮ್ಮ ಗಮನವನ್ನು ಸದಾ ಬೇಡದೆ ಬದುಕಿನ ಹಿನ್ನೆಲೆಯಲ್ಲಿ ಬೆರೆತುಹೋಗುವ ಯಂತ್ರ ಎಂಬುದು ಅವರ ವಾದದ ತಿರುಳು. ಇದನ್ನೇ ಅವರು ತಮ್ಮ ಸಹೋದ್ಯೋಗಿಯೊಡನೆ ಶಾಂತ ತಂತ್ರಜ್ಞಾನ ಎಂದು ಕರೆದರು. 1999ರಲ್ಲಿ, ಐವತ್ತು ತುಂಬುವ ಮೊದಲೇ, ವೈಸರ್ ತೀರಿಕೊಂಡರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಹರ್ಬರ್ಟ್ ಸೈಮನ್ ಕೂಡ ಇಲ್ಲಿ ನೆನಪಾಗುತ್ತಾರೆ. ಮಾಹಿತಿ ಹೆಚ್ಚಿದಷ್ಟೂ ಮನುಷ್ಯನ ಗಮನ ವಿರಳ ಸಂಪನ್ಮೂಲವಾಗುತ್ತದೆ ಎಂಬುದನ್ನು ಅವರು 1971ರಲ್ಲೇ ತೋರಿಸಿದ್ದರು.

ಖಡಕವಾಸಲಾದ ಬಾಗಿಲು ಗಣಕಯಂತ್ರವಲ್ಲ, ನಿಜ. ಅದರಲ್ಲಿ ವಿದ್ಯುತ್ತೂ ಇರಲಿಲ್ಲ, ತಂತಿಯೂ ಇರಲಿಲ್ಲ. ಆದರೆ ಪರಿಸರವನ್ನು ಗ್ರಹಿಸುವುದು, ಗ್ರಹಿಸಿದ್ದಕ್ಕೆ ತಕ್ಕಂತೆ ವರ್ತಿಸುವುದು, ಮನುಷ್ಯನ ಗಮನವನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವುದು ಎಂಬ ಮೂರೂ ಲಕ್ಷಣಗಳು ಅದರಲ್ಲಿದ್ದವು. ಇದರ ಜೊತೆಗೆ ಇಂದಿನ ಬಹುಪಾಲು ಸ್ಮಾರ್ಟ್ ಸಾಧನಗಳಲ್ಲಿಲ್ಲದ ನಾಲ್ಕನೆಯ ಗುಣವೊಂದೂ ಅದಕ್ಕಿತ್ತು. ಬಾಗಿಲು ಏಕೆ ತೆರೆಯಿತು ಎಂಬುದು ದಡದಲ್ಲಿ ನಿಂತ ದನಗಾಹಿಗೂ ಕಾಣುತ್ತಿತ್ತು. ನೀರು ಏರಿತು, ಅದಕ್ಕಾಗಿ ತೆರೆಯಿತು. ಕಾರಣವೂ ಕ್ರಿಯೆಯೂ ಒಂದೇ ನೋಟಕ್ಕೆ ಸಿಗುತ್ತಿದ್ದವು.

ಯಂತ್ರದ ಜೊತೆಗೆ ಮನುಷ್ಯರನ್ನೂ ವಿಶ್ವೇಶ್ವರಯ್ಯನವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು ಎಂಬುದಕ್ಕೆ ಅದೇ ಕಾಲದ ಇನ್ನೊಂದು ಯೋಜನೆ ಸಾಕ್ಷಿ. ದಖ್ಖನಿನ ನೀರಾ ಕಾಲುವೆಯ ಪ್ರದೇಶದಲ್ಲಿ ಕೆಲವರು ಮನಬಂದಂತೆ ನೀರು ಹರಿಸಿ ಕಬ್ಬು ಬೆಳೆಯುತ್ತಿದ್ದರು. ಅತ್ತ ಭೂಮಿ ಜೌಗಾಗುತ್ತಿತ್ತು, ಇತ್ತ ದೂರದ ಹಳ್ಳಿಗಳಿಗೆ ನೀರೇ ತಲುಪುತ್ತಿರಲಿಲ್ಲ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸಿ, ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ಬ್ಲಾಕ್ ಪದ್ಧತಿಯನ್ನು ಅವರು ರೂಪಿಸಿದರು. ರೈತರು ಮೊದಲಿಗೆ ತೀವ್ರವಾಗಿ ವಿರೋಧಿಸಿದರು. ಕೈಯಲ್ಲಿದ್ದ ಅನುಕೂಲ ತಪ್ಪಿಹೋದೀತೆಂಬ ಅವರ ಅಂಜಿಕೆ ಸಹಜವೇ ಆಗಿತ್ತು. ವಿಶ್ವೇಶ್ವರಯ್ಯನವರು ರೈತರನ್ನು ಕಂಡು ಮಾತನಾಡಿದರು, ಕೆಲವು ಕಡೆ ಪ್ರಯೋಗಾರ್ಥ ಜಾರಿಗೆ ತಂದು ಫಲ ತೋರಿಸಿದರು. ಜನ ಒಪ್ಪಿದ ಮೇಲೆ ಪದ್ಧತಿ ನೆಲೆಯೂರಿತು. ಬಳಸುವವನಿಗೆ ಅರ್ಥವಾಗದ ವ್ಯವಸ್ಥೆ ಬಾಳುವುದಿಲ್ಲವೆಂಬ ಆಡಳಿತದ ಮೂಲಪಾಠ ಇದರಲ್ಲಿದೆ.

1908ರಲ್ಲಿ ಅವರು ಮುಂಬಯಿ ಸೇವೆಯಿಂದ ನಿವೃತ್ತಿ ಪಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದ್ ನಗರವನ್ನು ಧ್ವಂಸಮಾಡಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರ್ಕಾರ ಅವರನ್ನು ಕರೆಸಿಕೊಂಡಿತು. ನಗರದೊಳಗಿನ ಹೊಳೆಯನ್ನಷ್ಟೇ ನೋಡದೆ ಅವರು ಮೇಲ್ಭಾಗದ ಜಲಾನಯನವನ್ನು ಪರಿಶೀಲಿಸಿದರು. ಅಲ್ಲಿನ ಸುಮಾರು 800 ಕೆರೆಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೊಂದು ಒಡೆದು ಮಳೆಯ ನೀರಿಗೆ ಕೆರೆಯ ನೀರೂ ಸೇರಿಕೊಂಡಿತ್ತು. ನಗರದ ಮೇಲ್ಭಾಗದಲ್ಲಿ ಪ್ರವಾಹ ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂಬ ಅವರ ಸಲಹೆಯೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಾಗಿ ಮೈದಾಳಿತು.

ರಾಜಾಜಿನಗರ, ವಿಜಯನಗರಗಳ ಚರಂಡಿ ನೀರನ್ನು ಹೊತ್ತು ಕೆಂಗೇರಿಯತ್ತ ಹರಿಯುವ ನಮ್ಮ ವೃಷಭಾವತಿಗೂ ಈ ಪಾಠ ಅನ್ವಯಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಗರದ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನೂ ತಾನಾಗಿ ಮಾಹಿತಿ ಕಳುಹಿಸುವ ಮಳೆಮಾಪಕಗಳನ್ನೂ ಅಳವಡಿಸಿರುವುದು ಶ್ಲಾಘನೀಯ. ಆದರೆ ಸಂವೇದಕ ಅಳೆಯುವುದು ತಾನಿರುವ ಜಾಗದ ಮಟ್ಟವನ್ನು ಮಾತ್ರ. ಮೇಲಿನ ಕೆರೆ ಏನಾಯಿತು, ಒತ್ತುವರಿಯಾದ ಕಾಲುವೆ ಎಲ್ಲಿ ಕಿರಿದಾಯಿತು ಎಂಬುದನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡುವ ಎಂಜಿನಿಯರ್ ಇಲ್ಲದಿದ್ದರೆ ಆ ಅಂಕಿಅಂಶ ಪ್ರವಾಹದ ದಾಖಲೆಯಾದೀತೇ ಹೊರತು ತಡೆಯಾಗದು.

1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ತಾಯ್ನಾಡಿಗೆ ಮರಳಿದರು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅದಕ್ಕಾಗಿ ಹಳ್ಳಿಗಳು ಮುಳುಗಿದವು, ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನ ಪಾಲಾಯಿತು. 1912ರಿಂದ 1918ರವರೆಗೆ ಅವರು ದಿವಾನರು. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಅಸ್ತಿತ್ವಕ್ಕೆ ಬಂದವು. 1918ರಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆ 1950ರ ದಶಕದಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. ಇಂದು ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಆ ಕಾರ್ಖಾನೆಯದೇ ಹೆಸರು. ಶ್ರೀಗಂಧದ ಪರಿಮಳ ನಮ್ಮ ಬಡಾವಣೆಗಳಿಗೆ ತಲುಪಿದ್ದು ಹೀಗೆ. ಕಾವೇರಿಯ ನೀರೂ ಅಷ್ಟೇ. 1974ರಿಂದ ಹಂತಹಂತವಾಗಿ ಬೆಂಗಳೂರಿಗೆ ಬಂದ ಕಾವೇರಿ ನೀರಿನ ಹಿಂದೆ ಕನ್ನಂಬಾಡಿಯಲ್ಲಿ ಕೂಡಿಟ್ಟ ಸಂಗ್ರಹವಿದೆ.

ದಿವಾನಗಿರಿಯ ಕೊನೆಯ ಅಧ್ಯಾಯವನ್ನು ಅಭಿಮಾನಿಗಳು ಸಾಮಾನ್ಯವಾಗಿ ಮೆಲುದನಿಯಲ್ಲಿ ಹೇಳುತ್ತಾರೆ. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯವಿಲ್ಲವೆಂಬ ಕೂಗಿಗೆ ಸ್ಪಂದಿಸಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ದಕ್ಷತೆ ಮತ್ತು ಅರ್ಹತೆಯೇ ಏಕೈಕ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ದಿವಾನ್ ಪದವಿಯನ್ನು ತೊರೆದರು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಆ ವಿವಾದದಲ್ಲಿ ಮಹಾರಾಜರ ನಿಲುವೇ ದೂರದೃಷ್ಟಿಯದಾಗಿತ್ತೆಂದು ನಾನು ಭಾವಿಸುತ್ತೇನೆ. ಪರೀಕ್ಷೆಯ ಅಂಕವೂ ಒಂದು ಬಗೆಯ ಮಾಪಕ. ತನ್ನೆದುರು ನಿಂತವನ ಮಟ್ಟವನ್ನು ಅದು ಅಳೆಯುತ್ತದೆ. ಆದರೆ ಆತ ಎಷ್ಟು ಆಳದಿಂದ ಮೇಲೆದ್ದು ಬಂದ, ಎಷ್ಟು ಜನ ಆ ಮಾಪಕದ ತನಕ ಬರಲೇ ಇಲ್ಲ ಎಂಬುದನ್ನು ಅದು ಹೇಳದು. ಯಾವುದನ್ನು ಅಳೆಯಬೇಕೆಂದು ನಿರ್ಧರಿಸುವವನೇ ಫಲಿತಾಂಶವನ್ನೂ ಬಹುಮಟ್ಟಿಗೆ ನಿರ್ಧರಿಸಿರುತ್ತಾನೆ.

ಬಾಗಿಲುಗಳ ಇತಿಹಾಸವೂ ಇದನ್ನೇ ಹೇಳುತ್ತದೆ. 1917ರಲ್ಲಿ ಟಿಗ್ರಾ ಅಣೆಕಟ್ಟು ಒಡೆದು ಅಪಾರ ಪ್ರಾಣಹಾನಿಯಾಯಿತು. ಅಲ್ಲಿ ತಳಪಾಯದ ಮರಳುಗಲ್ಲಿನೊಳಗೆ ನೀರು ಜಿನುಗಿತ್ತು. ಮೇಲಿನ ಮಟ್ಟವನ್ನು ಕಾಯುವ ಬಾಗಿಲಿಗೆ ಕೆಳಗಿನ ಜಿನುಗು ತಿಳಿಯುವ ಬಗೆಯೇ ಇರಲಿಲ್ಲ. 1961ರ ಜುಲೈ 12ರಂದು ಪುಣೆಯ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ರಭಸಕ್ಕೆ ಖಡಕವಾಸಲಾ ಅಣೆಕಟ್ಟೂ ಬಿರಿದು ಪುಣೆ ನಗರ ಜಲಾವೃತವಾಯಿತು. ಮಳೆಯಿಂದ ಕ್ರಮೇಣ ಏರುವ ನೀರಿಗಾಗಿ ರೂಪಿಸಿದ ವ್ಯವಸ್ಥೆ, ಒಮ್ಮೆಲೇ ಗೋಡೆಯಂತೆ ನುಗ್ಗುವ ನೀರನ್ನು ತಾಳಿಕೊಳ್ಳುವಂತಿರಲಿಲ್ಲ. ಆಗ ವಿಶ್ವೇಶ್ವರಯ್ಯನವರು ಜೀವಂತರಾಗಿದ್ದರು. ನಮ್ಮ ಕಾಲದಲ್ಲಿ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರ ನೆನಪಿನಲ್ಲಿದೆ. ಹರಿವ ನೀರಿನ ನಡುವೆ ತಾತ್ಕಾಲಿಕ ಗೇಟು ಇಳಿಸಿ ಜಲಾಶಯವನ್ನು ಉಳಿಸಿದ್ದು ಕನ್ನಯ್ಯ ನಾಯ್ಡು ಅವರಂಥ ಹಿರಿಯ ತಜ್ಞರ ಅನುಭವ ಮತ್ತು ಕಾರ್ಮಿಕರ ಧೈರ್ಯ. ಯಂತ್ರ ತನಗೆ ಕಲಿಸಿದ್ದನ್ನು ಮಾತ್ರ ಕಾಯುತ್ತದೆ. ಉಳಿದುದನ್ನು ಕಾಯಲು ಮನುಷ್ಯ ಬೇಕೇಬೇಕು.

ಈ ಹಿನ್ನೆಲೆಯಲ್ಲಿ ನಮ್ಮ ಮನೆ, ಬೀದಿಗಳನ್ನು ನೋಡೋಣ. ಬಸವೇಶ್ವರನಗರದಲ್ಲಿ ವಾಸಿಸುವ ನನ್ನಂಥವರಿಗೆ ಕಾವೇರಿ ನೀರೆಂದರೆ ಸರದಿಯ ನೀರು. ಜಲಮಂಡಳಿಯ ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು ರಸ್ತೆಯ ವಾಲ್ವು ತಿರುಗಿಸಿದರೆ ಸಂಪಿಗೆ ನೀರು. ಆತ ಹಳೆಯ ನೀರುಗಂಟಿಯ ಉತ್ತರಾಧಿಕಾರಿ. ಸಂಪಿನೊಳಗಿನ ಬಾಲ್‌ಕಾಕ್ ಇರುವುದು ಹೆಚ್ಚೂಕಡಿಮೆ ಖಡಕವಾಸಲಾದ ತತ್ತ್ವದ ಮೇಲೆ. ನೀರು ತುಂಬಿದರೆ ಚೆಂಡು ತೇಲಿ ನಲ್ಲಿ ಮುಚ್ಚುತ್ತದೆ. ಅದು ಕೆಟ್ಟರೆ ಮನೆಯ ಯಾರು ಬೇಕಾದರೂ ಬಗ್ಗಿ ನೋಡಿ ಕಾರಣ ಹೇಳಬಲ್ಲರು. ಬೀದಿಯ ವಾಲ್ವ್‌ಮನ್ ತಡಮಾಡಿದರೆ ಆತನನ್ನು ನಿಲ್ಲಿಸಿ ಕೇಳಬಹುದು. ವ್ಯವಸ್ಥೆ ಹಳೆಯದು, ದೋಷಗಳು ಹಲವು. ಆದರೆ ಪ್ರಶ್ನೆಗೆ ಉತ್ತರಿಸುವ ಮುಖವೊಂದು ಅಲ್ಲಿದೆ.

ಈ ಮುಖ ಮರೆಯಾದಾಗ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ನಮ್ಮ ಭಾಗದ ವಸತಿ ಸಮುಚ್ಚಯವೊಂದರಲ್ಲಿ ಮುಖ್ಯದ್ವಾರವನ್ನು ಮೊಬೈಲ್ ಆ್ಯಪ್‌ಗೆ ಜೋಡಿಸಲಾಗಿದೆ. ಅಲ್ಲಿ ಹಲವು ವರ್ಷಗಳಿಂದ ಅಡುಗೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಒಂದು ಬೆಳಿಗ್ಗೆ ಹೊರಗೇ ನಿಂತಿದ್ದರು. ಪಟ್ಟಿಯಲ್ಲಿ ಅವರ ಹೆಸರು ಅಳಿದುಹೋಗಿತ್ತು. ಕಾವಲುಗಾರನಿಗೆ ಆಕೆಯ ಪರಿಚಯವಿತ್ತು, ಆದರೆ ಗೇಟು ತೆರೆಯುವ ಅಧಿಕಾರ ಅವನಿಗಿರಲಿಲ್ಲ. ಹೆಸರು ಅಳಿಸಿದವರು ಯಾರು, ಏಕೆ ಎಂದು ಅಲ್ಲಿದ್ದ ಯಾರೂ ಹೇಳಲಾರರು. ಅರ್ಧ ಗಂಟೆಯ ನಂತರ ಸಮಸ್ಯೆ ಬಗೆಹರಿಯಿತು. ಸಣ್ಣ ಪ್ರಸಂಗವೇ. ಆದರೆ ಗೇಟಿನ ಜಾಗದಲ್ಲಿ ನ್ಯಾಯಬೆಲೆ ಅಂಗಡಿಯನ್ನು ಊಹಿಸಿಕೊಳ್ಳಿ. ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಲೇತ್ ತಿರುಗಿಸಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದಿದ್ದರೆ ಅಲ್ಲಿ ಕಳೆದುಹೋಗುವುದು ಅರ್ಧ ಗಂಟೆಯಲ್ಲ, ಆ ತಿಂಗಳ ಅಕ್ಕಿ. ನಿಯಮದಲ್ಲಿ ಪರ್ಯಾಯ ಮಾರ್ಗಗಳಿವೆ. ಅವು ಇವೆಯೆಂದು ಆತನಿಗೆ ತಿಳಿಸಿ, ಅವನ್ನು ಬಳಸುವ ಅಧಿಕಾರವಿರುವ ಮನುಷ್ಯನೊಬ್ಬ ಅಲ್ಲಿ ಇರಬೇಕಷ್ಟೆ.

ಆಡಳಿತ ಸೇವೆಯಲ್ಲಿದ್ದವರಿಗೆ ಒಂದು ತತ್ತ್ವ ರೂಢಿಯಾಗಿರುತ್ತದೆ. ಅಧಿಕಾರಿಯ ಆದೇಶ ಸಕಾರಣವಾಗಿರಬೇಕು. ಅರ್ಜಿ ತಿರಸ್ಕರಿಸಲಾಗಿದೆ ಎಂದಷ್ಟೇ ಬರೆದರೆ ಮೇಲ್ಮನವಿಯಲ್ಲಿ ಆ ಆದೇಶ ನಿಲ್ಲುವುದಿಲ್ಲ. ಯಾವ ನಿಯಮದಡಿ, ಯಾವ ಸಂಗತಿಯ ಆಧಾರದ ಮೇಲೆ, ಯಾರು ತಿರಸ್ಕರಿಸಿದರು ಎಂಬುದು ಅದರಲ್ಲಿರಬೇಕು. ಯಂತ್ರದ ಮೂಲಕ ಹೊರಡುವ ಆದೇಶಕ್ಕೆ ಈ ತತ್ತ್ವದಿಂದ ವಿನಾಯಿತಿ ಏಕೆ? 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಸಂಚಾರ ಪೊಲೀಸರ ಸ್ವಯಂಚಾಲಿತ ಕ್ಯಾಮೆರಾ ವ್ಯವಸ್ಥೆ ಆರಂಭವಾಯಿತು. ಅದು ಉಲ್ಲಂಘನೆಯ ಛಾಯಾಚಿತ್ರವನ್ನು ಸಾಕ್ಷ್ಯವಾಗಿ ಒದಗಿಸುತ್ತದೆ ಎಂಬುದು ಗಮನಾರ್ಹ. ಅಷ್ಟರಮಟ್ಟಿಗೆ ಅದು ಸಕಾರಣ ಆದೇಶ. ನೋಟಿಸು ಪಡೆದವನು ಚಿತ್ರ ನೋಡಿ ಒಪ್ಪಬಹುದು ಅಥವಾ ಪ್ರಶ್ನಿಸಬಹುದು. ಇದೇ ಗುಣ ಪ್ರತಿಯೊಂದು ಸ್ಮಾರ್ಟ್ ಸಾಧನಕ್ಕೂ ಬೇಕು.

ಕೇಂದ್ರದ ಸ್ಮಾರ್ಟ್ ಸಿಟಿ ಅಭಿಯಾನ 2015ರಲ್ಲಿ ಆರಂಭವಾಗಿ 2025ರ ಮಾರ್ಚ್‌ನಲ್ಲಿ ಮುಗಿಯಿತು. 2017ರಲ್ಲಿ ಆಯ್ಕೆಯಾದ ಬೆಂಗಳೂರಿನಲ್ಲಿ ಅದರ ಹಣದ ಬಹುಭಾಗ ನಗರದ ಕೇಂದ್ರಭಾಗದ ರಸ್ತೆಗಳಿಗೆ ವೆಚ್ಚವಾಯಿತು. ಅಭಿಯಾನ ಮುಗಿದರೂ ಅದು ಹಿಡಿಸಿದ ದಾರಿ ಮುಂದುವರಿದಿದೆ. ನೀರಿನ ಮೀಟರು, ವಿದ್ಯುತ್ ಮೀಟರು, ಬೀದಿದೀಪ, ಸಿಗ್ನಲ್ ಎಲ್ಲವೂ ಕ್ರಮೇಣ ಅತ್ತಲೇ ಸಾಗಲಿವೆ. ಇದನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಸಿಬ್ಬಂದಿಯ ಕೊರತೆಯಿಂದ ಬಳಲುವ ನಗರಾಡಳಿತಕ್ಕೆ ತಾನಾಗಿ ಕೆಲಸ ಮಾಡುವ ಸಾಧನ ಬೇಕೇಬೇಕು. ನಡುರಾತ್ರಿ ನೀರು ಬರುವುದೆಂದು ಎದ್ದು ಕೂರುವ ಗೃಹಿಣಿಯ ನಿದ್ದೆಗೂ ಬೆಲೆಯಿದೆ. ಆ ನಿದ್ದೆಯನ್ನು ಉಳಿಸಿಕೊಡುವ ಯಂತ್ರ ಬಂದರೆ ಅದು ಸ್ವಾಗತಾರ್ಹವೇ.

ಆದರೆ ಇಂಥ ಸಾಧನಗಳಿಗೆ ಟೆಂಡರ್ ಕರೆಯುವಾಗ ಬೆಲೆ, ಬಾಳಿಕೆಗಳ ಜೊತೆಗೆ ಮೂರು ಷರತ್ತುಗಳನ್ನು ಸೇರಿಸುವುದು ಅಗತ್ಯ. ಸಾಧನ ಕೈಗೊಂಡ ಪ್ರತಿ ನಿರ್ಧಾರದ ಕಾರಣವನ್ನು ಬಾಧಿತನಿಗೆ ಅವನದೇ ಭಾಷೆಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ತಿಳಿಸಬೇಕು. ಅದು ಕೆಟ್ಟಾಗ ಅಥವಾ ತಪ್ಪಿದಾಗ ಸ್ಥಳದಲ್ಲಿರುವ ಸಿಬ್ಬಂದಿ ಕೈಯಿಂದ ನಡೆಸಲು ಅವಕಾಶವಿರಬೇಕು, ಹಾಗೆ ನಡೆಸಿದ್ದಕ್ಕೆ ಅವರನ್ನು ಶಿಕ್ಷಿಸಬಾರದು. ಅದರ ವರ್ತನೆಗೆ ಉತ್ತರದಾಯಿಯಾದ ಅಧಿಕಾರಿಯ ಹುದ್ದೆ, ಕಚೇರಿಗಳು ಸಾಧನದ ಮೇಲೆಯೇ ಬರೆದಿರಬೇಕು. ಇವುಗಳ ವೆಚ್ಚ ಹೆಚ್ಚೇನೂ ಅಲ್ಲ. ಇವಿಲ್ಲದಿದ್ದರೆ ತಗಲುವ ವೆಚ್ಚ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಅದನ್ನು ಭರಿಸುವವರು ಸರದಿಯಲ್ಲಿ ನಿಂತ ಬಡವರು, ಮುದುಕರು, ಮೊಬೈಲ್ ಇಲ್ಲದವರು.

ದಿವಾನಗಿರಿ ಬಿಟ್ಟ ನಂತರವೂ ವಿಶ್ವೇಶ್ವರಯ್ಯನವರು ನಾಲ್ಕು ದಶಕಗಳಿಗೂ ಮೀರಿ ದುಡಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯ ಅಗತ್ಯವನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಯೋಜನಾ ಆಯೋಗ ಹುಟ್ಟುವುದಕ್ಕೆ ಆಗ ಇನ್ನೂ 16 ವರ್ಷಗಳಿದ್ದವು. 1951ರಲ್ಲಿ ವೃತ್ತಿಜೀವನದ ನೆನಪುಗಳನ್ನು ಬರೆದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷ ತುಂಬಿದ ಬಳಿಕ, 1962ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ನಡೆಯಿತು.

ಅವರನ್ನು ದೇವರನ್ನಾಗಿ ಮಾಡುವ ಅಗತ್ಯವಿಲ್ಲ. ಅವರ ಬಾಗಿಲು ನೋಡಲಾರದ ಸಂಗತಿಗಳಿದ್ದವು, ಅವರೂ ನೋಡದ ಸಂಗತಿಗಳಿದ್ದವು. ಆದರೆ ತಾನಾಗಿ ನಡೆಯುವ ಯಂತ್ರವೊಂದನ್ನು ಸಾರ್ವಜನಿಕರ ನಡುವೆ ಇರಿಸುವವನು ವಹಿಸಬೇಕಾದ ಹೊಣೆಯನ್ನು ಅವರು ವಹಿಸಿಕೊಂಡಿದ್ದರು. ಅದರ ಕಾರಣವನ್ನು ಮರೆಮಾಡಲಿಲ್ಲ, ಅದರಿಂದ ಲಾಭ ಗಳಿಸಲಿಲ್ಲ. ಬರುವ ಸೆಪ್ಟೆಂಬರ್ 15ರಂದು ನಮ್ಮ ಶಾಲೆಗಳಲ್ಲಿ ಮೇಣದಬತ್ತಿಯ ಕಥೆಯ ಜೊತೆಗೆ ಈ ಬಾಗಿಲಿನ ಒಂದು ಮಾದರಿಯನ್ನೂ ಮಕ್ಕಳಿಂದ ಮಾಡಿಸಬಹುದು. ಒಂದು ತೊಟ್ಟಿ, ಒಂದು ತಗಡು, ಎರಡು ತೂಕಗಳು ಸಾಕು. ನೀರು ಸುರಿದಾಗ ತಗಡು ಏಕೆ ಎದ್ದಿತೆಂದು ತಾನೇ ಕಂಡು ಹೇಳಬಲ್ಲ ಮಗು, ನಾಳೆ ದೊಡ್ಡವನಾಗಿ ಮುಚ್ಚಿದ ಗೇಟಿನ ಎದುರು ನಿಂತಾಗಲೂ ಕಾರಣ ಕೇಳೀತು.